ಮೊನೆ ಮುರಿದ ಮದುವೆ ಕಟಾರಿ

ನಮ್ಮ ಮನೆಗೆ ಮೊನ್ನೆ ಒಂದು ತೂತಿನ ಚಾಕು ಬಂತು. ತುಕ್ಕು ಹಿಡಿದು ತೂತಾದದ್ದಲ್ಲ. ಅಲಗಿನ ಉದ್ದಕ್ಕೂ ಸಾಲಾಗಿ ತೂತು ಕೊರೆದು, ಕೊರೆದದ್ದಕ್ಕೇ ಬೆಲೆ ಹೆಚ್ಚಿಸಿ ಮಾರಿದ್ದು. ಸೊಸೆ ಯಾದಗಿರಿಯಲ್ಲಿ ಸ್ಟೇಷನ್ ಕಡೆಯ ಅಂಗಡಿಯೊಂದರಲ್ಲಿ ಕೊಂಡಳು. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ತೂತುಗಳೊಳಗಿಂದ ಅಂಗಳದ ಬೇವಿನ ಮರವನ್ನು ನೋಡಿ, "ಇದಕ್ಯಾಕವ್ವಾ ಇಷ್ಟ ತೂತ?" ಎಂದು ಕೇಳಿದೆ. "ಅದು ಡಿಜೈನ್ ರೀ ಮಾವಾರ" ಎಂದಳು. ಕಾರಣ ಗೊತ್ತಿಲ್ಲದ್ದಕ್ಕೆಲ್ಲ ಈಗಿನವರು ಹೇಳುವ ಮಾತು ಅದು. ನಮ್ಮ ಕಾಲದಲ್ಲಿ ಅದನ್ನೇ 'ಹಿಂದಿನಿಂದ ಬಂದದ್ದು' ಎನ್ನುತ್ತಿದ್ದೆವು.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ನನಗೆ ಚಾಕು ಹಿಡಿಯಲು ಬರುವುದಿಲ್ಲ. ಬದನೆಕಾಯಿ ಕೊಯ್ಯಲು ಕುಳಿತರೆ ಮೊದಲು ಕೊಯ್ದುಹೋಗುವುದು ನನ್ನ ಹೆಬ್ಬೆರಳು. ಆದ್ದರಿಂದ ಅಡುಗೆ ಮನೆಯಲ್ಲಿ ನನಗೆ ಬೆಳ್ಳುಳ್ಳಿ ಸುಲಿಯುವುದಕ್ಕಿಂತ ದೊಡ್ಡ ಅಧಿಕಾರ ಯಾವತ್ತೂ ಸಿಕ್ಕಿಲ್ಲ. ಆದರೆ ಅಲಗುಗಳ ಬಗ್ಗೆ ಮಾತಾಡು ಎಂದರೆ ಊಟ ಬಿಟ್ಟು ಮಾತಾಡುತ್ತೇನೆ. ಈಜು ಬಾರದವನೇ ದಂಡೆಯ ಮೇಲೆ ಕೂತು ಕೈ ಹ್ಯಾಗೆ ಬೀಸಬೇಕೆಂದು ಕೂಗಿ ಹೇಳುವುದಿಲ್ಲವೇ, ಹಾಗೆ.

ಆ ತೂತುಗಳ ಗುಟ್ಟು ತಿಳಿಯದೆ ನನಗೆ ಮಧ್ಯಾಹ್ನದ ನಿದ್ದೆ ಹತ್ತಲಿಲ್ಲ. ಸೊಸೆ ಬಟ್ಟೆ ಒಣಹಾಕಲು ಮಾಳಿಗೆ ಹತ್ತಿದಾಗ ಬುಟ್ಟಿಯಿಂದ ಸೌತೆಕಾಯಿ ತೆಗೆದು, ಒಮ್ಮೆ ಹಳೆಯ ಚಾಕುವಿನಿಂದ, ಒಮ್ಮೆ ಹೊಸದರಿಂದ ಕೊಯ್ದು ನೋಡಿದೆ. ಹಳೆಯದಕ್ಕೆ ಬಿಲ್ಲೆ ಬಿಲ್ಲೆಯಾಗಿ ಸೌತೆಕಾಯಿ ಅಂಟಿಕೊಂಡಿತು. ಹೊಸದರಿಂದ ಪಟಪಟನೆ ತಟ್ಟೆಗೆ ಉದುರಿತು. ತೂತಿರುವ ಕಡೆ ಅಂಟಲು ಕಬ್ಬಿಣವೇ ಇಲ್ಲವಲ್ಲ! ಖುಷಿಗೆ ಬುಟ್ಟಿ ಬರಿದಾಗುವವರೆಗೆ ಕೊಯ್ದೆ. ಸೊಸೆ ಇಳಿದು ಬಂದು ಹಸಿರು ರಾಶಿಯನ್ನೂ ನನ್ನ ಬೆರಳಿಗೆ ಸುತ್ತಿದ ಬಟ್ಟೆಯನ್ನೂ ನೋಡಿ, "ಮಾವಾರ, ಸೌತಿಕಾಯಿ ಪಚಡಿಗಿ ತಂದಿದ್ದೆ, ಪರೀಕ್ಷಾಕ್ಕಲ್ಲ" ಎಂದಳು. ಆ ದಿನ ಮನೆಮಂದಿಗೆಲ್ಲ ಎರಡು ಹೊತ್ತೂ ಪಚಡಿ.

ಅಲಗಿನ ಮೇಲೆ ಸುಮ್ಮನೆ ಇರುವಂಥದ್ದು ಏನೂ ಇಲ್ಲ, ನೋಡಿ. ಪ್ರತಿಯೊಂದು ಗೀರು, ಪ್ರತಿಯೊಂದು ಬಾಗು ಯಾವ ಕಾಲದಲ್ಲೋ ಯಾರಿಗೋ ಆದ ಕಿರಿಕಿರಿಯಿಂದ ಹುಟ್ಟಿದೆ. ಕುಡುಗೋಲಿಗೆ ಸಣ್ಣ ಹಲ್ಲು ಯಾಕೆ? ಒಣಗಿದ ಜೋಳದ ದಂಟು ನುಣುಪು, ಸಾದಾ ಅಲಗು ಜಾರಿ ಮೊಣಕಾಲಿಗೆ ಬರುತ್ತದೆ. ಕುರಿಯ ಗೊರಸು ಕೆತ್ತುವ ಚೂರಿಯ ತುದಿ ಒಳಕ್ಕೆ ಮಣಿದಿರುವುದು ಯಾಕೆ? ಕುರಿ ಒದೆಯುತ್ತದೆ, ಒದ್ದಾಗ ನೆಟ್ಟನೆಯ ತುದಿ ಅದರ ಕಾಲಿಗೆ ಇಳಿಯಬಾರದು. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ತೊಡಿಸುವುದು ಕಟ್ಟಿಗೆ ಸೀಳದಿರಲಿ ಎಂದು. ಅಲಗು ಹಿಡಿಗೆ ಸೇರುವಲ್ಲಿ ಒಂದು ಕಚ್ಚು ಇರುತ್ತದಲ್ಲ, ಅದು ಕಲ್ಲಿಗೆ ಮಸೆಯುವಾಗ ಧಾರೆಯನ್ನು ಕೊನೆಯವರೆಗೂ ಸರಿಯಾಗಿ ಎಳೆಯಲು ಬರಲಿ ಎಂದು. ಬೆನ್ನು ದಪ್ಪ, ಬಾಯಿ ತೆಳು. ಮನುಷ್ಯರಲ್ಲೂ ಹಾಗೆ ಇದ್ದವರನ್ನು ನಾನು ಕಚೇರಿಯಲ್ಲಿ ಬಹಳ ಕಂಡಿದ್ದೇನೆ.

ಇನ್ನು ನಮ್ಮ ಈಳಿಗೆ. ಅದರಷ್ಟು ಸಮಾಧಾನದ ಅಲಗು ಲೋಕದಲ್ಲಿ ಇನ್ನೊಂದಿಲ್ಲ. ಅದು ಕೂತಲ್ಲಿಂದ ಏಳುವುದಿಲ್ಲ. ಹಲಗೆಯ ಮೇಲೆ ಕಾಲಿಟ್ಟು ಹೆಂಗಸರು ಕುಂಬಳಕಾಯಿಯನ್ನೇ ಅದರ ಕಡೆ ಒಯ್ಯುತ್ತಾರೆ. ಚಾಕು ತರಕಾರಿಯ ಮೇಲೆ ಏರಿ ಹೋಗುತ್ತದೆ. ಈಳಿಗೆ, ಬಂದರೆ ಬಾ ಎನ್ನುತ್ತದೆ. ಹಾಗಂತ ಅದಕ್ಕೆ ಬೆರಳು ಕೊಟ್ಟವರನ್ನು ಅದು ಬಿಟ್ಟದ್ದಿಲ್ಲ, ನಾನೇ ಸಾಕ್ಷಿ.

ಆದರೆ ಎಲ್ಲದಕ್ಕಿಂತ ಹೆಚ್ಚು ಸುಳ್ಳು ಹುಟ್ಟಿಸಿದ್ದು ಅಲಗಿನ ನಡುವಿನ ಗಾಡಿ. ಕೆಲವು ಕತ್ತಿ, ಕಟಾರಿಗಳ ಮೈಮೇಲೆ ಉದ್ದಕ್ಕೆ ಒಂದು ಹಳ್ಳ ತೋಡಿದ ಹಾಗೆ ಇರುತ್ತದಲ್ಲ, ಅದು. ನಮ್ಮ ಓಣಿಯ ಕಟ್ಟೆಯ ಮೇಲೆ ಕೂತವರೆಲ್ಲ ಅದಕ್ಕೆ ಒಂದೇ ಅರ್ಥ ಹೇಳುತ್ತಿದ್ದರು: ರಕ್ತ ಹರಿದು ಹೋಗಲಿಕ್ಕೆ. ಹೇಳುವಾಗ ದನಿ ತಗ್ಗಿಸುತ್ತಿದ್ದರು. ಅವರಲ್ಲಿ ಕೋಳಿ ಕೊಯ್ದವರಿಗಿಂತ ಹೆಚ್ಚಿನ ಶೂರರು ಯಾರೂ ಇರಲಿಲ್ಲ. ಬಹಳ ವರ್ಷಗಳ ಮೇಲೆ, ನಾನು ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಗುಮಾಸ್ತನಾಗಿದ್ದಾಗ, ಕಾಲುವೆ ತೋಡಿಸಲು ಬಂದ ಇಂಜಿನಿಯರೊಬ್ಬರು ಒಂದು ಕಬ್ಬಿಣದ ತೊಲೆಯನ್ನು ತೋರಿಸಿ ನನ್ನ ಅಜ್ಞಾನ ಬಿಡಿಸಿದರು. ತೊಲೆಯ ಎರಡೂ ಮಗ್ಗುಲು ಒಳಗೆ ಹೋಗಿದ್ದವು. ತೂಕ ಕಡಿಮೆ ಆಗಬೇಕು, ಬಾಗಬಾರದು, ಅದಕ್ಕೆ ನಡುವಿನದ್ದು ತೆಗೆಯುವುದು. ಕತ್ತಿಯ ಗಾಡಿಯೂ ಅಷ್ಟೆ ಎಂದರು. ಇಷ್ಟೆಯೇ ಎಂದು ನನಗೆ ಸ್ವಲ್ಪ ಬೇಸರವೇ ಆಯಿತು. ಅಷ್ಟು ವರ್ಷ ದನಿ ತಗ್ಗಿಸಿ ಮಾತಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತಲ್ಲ.

ಆ ಗಾಡಿಯ ವಿಷಯ ಯಾಕೆ ತೆಗೆದೆ ಎಂದರೆ, ಅದಿದ್ದ ಕಟಾರಿಯೊಂದರಿಂದ ನನ್ನ ಮದುವೆ ಮುರಿಯುವುದರಲ್ಲಿತ್ತು.

ಶಹಾಪುರದ ಗುಡ್ಡದ ಕೆಳಗೆ ನಮ್ಮ ಓಣಿ. ಕುರಿ ಸಾಕಿ, ಮಳೆ ನಂಬಿ ಹೊಲ ಮಾಡುವ ಮನೆಗಳು. ಓಣಿಗೆಲ್ಲ ಒಂದೇ ಮದುವೆ ಕಟಾರಿ, ಅದು ನಮ್ಮ ಮನೆಯ ದೇವರ ಜಗುಲಿಯ ಮೇಲೆ ಇರುತ್ತಿತ್ತು. ಗೇಣುದ್ದದ ಅಲಗು, ಎರಡು ಮಗ್ಗುಲಿಗೂ ಗಾಡಿ, ಹಿಡಿಯ ಹತ್ತಿರ ಎರಡು ಕಡೆ ಕಚ್ಚು, ಸೂಜಿಯಂಥ ಮೊನೆ. ಮೈಗೆ ಅರಿಶಿನ ಬಿದ್ದ ಹೊತ್ತಿನಿಂದ ಮದುಮಗ ಅದನ್ನು, ವಸ್ತ್ರ ಸುತ್ತಿದ್ದಂತೆಯೇ, ಕೈ ಬಿಡುವಂತಿಲ್ಲ. ಉಣ್ಣುವಾಗಲೂ ಎಡಗೈಯಲ್ಲಿ ಅದೇ, ಹೊರಕಡೆಗೆ ಹೋಗುವಾಗಲೂ ಅದೇ. ಹಸೆಗೆ ಬಂದು ನಿಂತಾಗ ಅದರ ಮೊನೆಗೆ ಒಂದು ಲಿಂಬೆಹಣ್ಣು ಚುಚ್ಚುತ್ತಾರೆ. ಕೆಟ್ಟ ಕಣ್ಣೆಲ್ಲ ಆ ಹಣ್ಣಿಗೆ ತಾಗಲಿ, ಹುಡುಗನಿಗೆ ಬೇಡ ಎಂದು. ಆ ಕಟಾರಿ ಯಾರನ್ನಾದರೂ ಇರಿದದ್ದನ್ನು ಯಾರೂ ಕೇಳಿರಲಿಲ್ಲ. ಅದು ಕೊಂದದ್ದೆಲ್ಲ ಲಿಂಬೆಹಣ್ಣುಗಳನ್ನೇ.

ಪೊಲೀಸ್ ಕಾರ್ಯಾಚರಣೆ ಆಗಿ ನಿಜಾಮನ ರಾಜ್ಯ ಹೋಯಿತು. ಅದಕ್ಕಿಂತ ಮುಂಚಿನ ರಜಾಕಾರರ ಗಲಾಟೆಯೂ ಆಮೇಲಿನ ದಿನಗಳೂ ಹೇಗಿದ್ದವೆಂದು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಯಾರು ಯಾರಿಗೆ ಹೆದರಿದರು ಎಂದು ಕೇಳಿದರೆ, ಎಲ್ಲರೂ ಸರದಿಯ ಮೇಲೆ ಹೆದರಿದರು. ಕಚೇರಿಯ ಭಾಷೆ ಬದಲಾಗುತ್ತಿತ್ತು. ಉರ್ದುವಿನಲ್ಲಿ ಓದಿ ಪಾಸಾಗಿ ದೊಡ್ಡ ಮನುಷ್ಯನಾದೆನೆಂದು ಮೀಸೆ ತಿರುವುತ್ತಿದ್ದ ನಾನು, ಸ್ಲೇಟು ಹಿಡಿದು ಕನ್ನಡದ ಒತ್ತಕ್ಷರ ತಿದ್ದುತ್ತಿದ್ದೆ. ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಡಂಗುರ ಹೊಡೆದರು. ಹತಿಯಾರ ಇದ್ದವರು ತಂದು ಕಚೇರಿಗೆ ಒಪ್ಪಿಸಬೇಕು. ಅಷ್ಟೇ ಮಾತು. ಡಂಗುರದವನು ಮುಂದಿನ ಓಣಿಗೆ ಹೋದ.

ಹತಿಯಾರ ಅಂದರೆ ಯಾವುದು? ಬಂದೂಕು ಹತಿಯಾರ, ತಲವಾರು ಹತಿಯಾರ, ಅದು ಕೂಸಿಗೂ ಗೊತ್ತು. ಆದರೆ ಕೊಡಲಿ? ಕುಡುಗೋಲು? ಒಬ್ಬ ಮುದುಕಿ ಅನುಮಾನಕ್ಕಿರಲಿ ಎಂದು ಈಳಿಗೆಯನ್ನೇ ತಲೆಯ ಮೇಲೆ ಹೊತ್ತು ಕಚೇರಿಗೆ ಹೋಗಿ, ಅಲ್ಲಿನವರು ನಕ್ಕು ಕಳಿಸಿದ ಮೇಲೆ, ಅದೇ ಈಳಿಗೆಯಲ್ಲಿ ಪುಂಡಿಪಲ್ಲೆ ಕೊಯ್ಯಲು ಮನೆಗೆ ಬಂದಳು. ಕಟ್ಟೆಯ ಮೇಲೆ ದೊಡ್ಡ ಪಂಚಾಯಿತಿ ನಡೆಯಿತು. ಗಾಡಿ ಇದ್ದರೆ ಹತಿಯಾರ ಎಂದರು ಕೆಲವರು. ಕಚ್ಚು ಇದ್ದರೆ ಹತಿಯಾರ ಎಂದರು ಇನ್ನು ಕೆಲವರು. ಕಡೆಗೆ ತೀರ್ಮಾನ ಹೇಳಿದವನು ನಮ್ಮ ಕಾಕಾ, ನನ್ನ ಅಪ್ಪನ ತಮ್ಮ ಸಾಬಣ್ಣ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಅವನೇ.

"ಚುಚ್ಚತದೋ, ಅದು ಹತಿಯಾರ. ಕೊಯ್ತದೋ, ಅದು ಸಾಮಾನ" ಎಂದ ಕಾಕಾ. "ಮೊನಿ ಮುರದ ಬಿಡ್ರಿ. ಮೊನಿ ಇಲ್ದಿದ್ರ ಯಾವನೂ ಕೇಳಂಗಿಲ್ಲ."

ಹುಕುಮಿನಲ್ಲಿ ಮೊನೆಯ ಸುದ್ದಿಯೇ ಇರಲಿಲ್ಲ. ಆದರೆ ಹೆದರಿದ ಮಂದಿಗೆ ಇಂಥ ಮಾತು ಬಹಳ ರುಚಿಸುತ್ತದೆ. ಮರುದಿನ ಇಡೀ ಓಣಿ ಕಂಬಾರ ಮೋನಪ್ಪನ ಕುಲುಮೆಯ ಮುಂದೆ ನಿಂತಿತು. ಅಡಿಗೆ ಚೂರಿ, ಎಲೆ ಅಡಿಕೆಯ ಚೂರಿ, ಚಕ್ಕಳದ ಚೂರಿ, ಎಲ್ಲದರ ಮೂಗು ಕತ್ತರಿಸಲಾಯಿತು. ಮೋನಪ್ಪ ಅಡಿಗಲ್ಲಿನ ಅಂಚಿಗೆ ಅಲಗಿಟ್ಟು ಸುತ್ತಿಗೆಯಿಂದ ಒಂದು ಏಟು ಹಾಕುವನು, ಟಣ್ಣನೆ ಮೊನೆ ಹಾರುವುದು, "ಮುಂದಿಂದ ಬರ್ಲಿ" ಎನ್ನುವನು. ಜನ್ಮದಲ್ಲಿ ಅವನಿಗೆ ಅಷ್ಟು ಸುಲಭದ ಕೆಲಸ ಸಿಕ್ಕಿರಲಿಲ್ಲ. ನಾನು ಅವನನ್ನು ಗಾಡಿ ಯಾಕೆ ಹಾಕುತ್ತಾರೆಂದು ಕೇಳಿದ್ದೂ ಅಲ್ಲೇ. "ನಮ್ಮಪ್ಪ ಹಾಕತಿದ್ದ, ನಾ ಹಾಕತೀನಿ. ನೀ ಸಾಲಿ ಕಲತಾಂವ, ನೀನ ಹೇಳು" ಎಂದ. ಉರ್ದು ಪುಸ್ತಕಗಳಲ್ಲಿ ಅದರ ವಿಷಯ ಇರಲಿಲ್ಲ. ನಾನು ಮೀಸೆ ತಿರುವುವುದನ್ನು ಬಿಟ್ಟು ಮನೆಗೆ ಬಂದೆ.

ಕಾಕಾ ಮದುವೆ ಕಟಾರಿಯನ್ನೂ ಒಯ್ದಿದ್ದ. ಒಪ್ಪಿಸಿಬಿಟ್ಟರೆ ಓಣಿಯ ಮದುವೆಗಳ ಗತಿಯೇನು, ಇಟ್ಟುಕೊಂಡರೆ ತನ್ನ ಗತಿಯೇನು ಎಂದು ಅಳೆದು ಸುರಿದು, ಮೊನೆ ಮುರಿಸಿ, ವಸ್ತ್ರ ಸುತ್ತಿ ಮತ್ತೆ ಜಗುಲಿಯ ಮೇಲಿಟ್ಟ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಲೆಕ್ಕ. ಕಟ್ಟೆಯ ಮೇಲೆ ಕೂತವರೆಲ್ಲ ಸಾಬಣ್ಣ ಬಲು ಶಾಣ್ಯಾ ಎಂದರು. ಲಿಂಬೆಹಣ್ಣಿನ ನೆನಪು ಮಾತ್ರ ಒಬ್ಬರಿಗೂ ಆಗಲಿಲ್ಲ, ನನಗೂ.

ಗಲಾಟೆ ಮುಗಿದ ಮೇಲೆ ನಮ್ಮ ಓಣಿಯ ಮೊದಲ ಮದುವೆ ನನ್ನದೇ. ಹುಡುಗಿ ಸುರಪುರದ ಆಚೆ ಕಕ್ಕೇರಿಯವಳು, ನಿಂಗಮ್ಮ. ಗಲಾಟೆಗೆ ಮುಂಚೆಯೇ ನಿಶ್ಚಯವಾಗಿತ್ತು. ಆಮೇಲೆ ಅವರ ಮನೆಯವರು ರಾಜ್ಯದ ಗಡಿ ದಾಟಿ ವಿಜಾಪುರದ ಕಡೆಯ ಬೀಗರಲ್ಲಿ ಹೋಗಿ ಉಳಿದರು. ಎಷ್ಟೋ ತಿಂಗಳು ಸುದ್ದಿಯಿಲ್ಲ. ನಿಶ್ಚಯದ ದಿನ ಹಿತ್ತಲ ಬಾಗಿಲಲ್ಲಿ ಅರ್ಧ ಮುಖ ಕಂಡಿದ್ದೆ, ಅಷ್ಟೆ. ಆ ಅರ್ಧ ಮುಖವನ್ನು ನೆನೆಯುತ್ತ ಕುರಿಯ ಹಟ್ಟಿಯಲ್ಲಿ ಕೂತು ಅತ್ತದ್ದುಂಟು. ಕಾಕಾ ನೋಡಿಬಿಟ್ಟರೆ, ಕಣ್ಣಿಗೆ ಹೊಟ್ಟು ಬಿದ್ದಿದೆ ಎನ್ನುತ್ತಿದ್ದೆ. ಅವರು ಜೀವಂತ ತಿರುಗಿ ಬಂದರೆಂದು ಸುದ್ದಿ ಬಂದಾಗ ಕಾಕಾ ಅಂದೇ ಮುಹೂರ್ತ ಕೇಳಲು ಹೊರಟ.

ಮದುವೆ ನಮ್ಮ ಓಣಿಯಲ್ಲೇ. ಹಂದರದ ಕೆಳಗೆ ಅಂತರಪಟವನ್ನು ಸೊಂಟದಿಂದ ಮೇಲಕ್ಕೆ ಎತ್ತಿ ಹಿಡಿದಿದ್ದಾರೆ. ಅದರ ಆಚೆ ಅವಳು, ಈಚೆ ಬಾಸಿಂಗ ಕಟ್ಟಿಕೊಂಡ ನಾನು. ಮಂದಿ ಅರಿಶಿನದ ಅಕ್ಕಿಕಾಳು ಹಿಡಿದು ನಿಂತಿದ್ದಾರೆ. ಮದುವೆ ಮಾಡಿಸುವ ಅಯ್ಯನವರು, "ಲಿಂಬಿಹಣ್ಣ ಏರಸ್ರಿ" ಎಂದರು. ಕಾಕಾ ನನ್ನ ಕೈಯಲ್ಲಿದ್ದ ಕಟಾರಿಯ ವಸ್ತ್ರ ಬಿಚ್ಚಿದ. ಬಿಚ್ಚಿದವನು ಹಾಗೆಯೇ ನಿಂತ. ಅವನ ಮುಖದ ಬಣ್ಣ ಇಳಿದದ್ದನ್ನು ನಾನು ಬಾಸಿಂಗದ ಮುತ್ತುಗಳ ಸಂದಿನಿಂದ ನೋಡಿದೆ.

ನನ್ನ ಇನ್ನೊಂದು ಕೈಗೆ ಹಣ್ಣು ಬಂತು. ಒತ್ತಿದೆ. ಮೊಂಡು ತುದಿಗೆ ಹಣ್ಣು ಜಾರಿ ಕೆಳಗೆ ಬಿತ್ತು. ಎತ್ತಿ, ಮಣ್ಣು ಹತ್ತಿತ್ತೆಂದು ಹೊಸ ಶಲ್ಯದಿಂದ ಒರೆಸಿ ಮತ್ತೆ ಇಟ್ಟೆ. ಮತ್ತೆ ಬಿತ್ತು. "ಜೋರಲೆ ಒತ್ತೋ ಭಾಡ್ಯಾ" ಎಂದು ಕಾಕಾ ಕಿವಿಯಲ್ಲಿ ಹಲ್ಲು ಕಡಿದ. ಜೋರಾಗಿ ಒತ್ತಿದರೆ ಹಣ್ಣು ಒಡೆದೀತೆಂದು ನನಗೆ ಅಂಜಿಕೆ. ಮದುವೆಯ ಹಣ್ಣು ಒಡೆದರೆ ಅದಿನ್ನೆಂಥ ಅಪಶಕುನವೋ! ಮತ್ತೆ ಒರೆಸಿದೆ, ಮತ್ತೆ ಮೆಲ್ಲಗೆ ಇಟ್ಟೆ. ಅದು ಉರುಳಿಕೊಂಡು ಅಂತರಪಟದ ಕೆಳಗಿಂದ ಮದುಮಗಳ ಕಾಲಿನ ಹತ್ತಿರ ಹೋಯಿತು. ನಾನು ಬಾಗಿ, ಅವಳ ಹೆಬ್ಬೆರಳಿಗೆ ತಾಗದಂತೆ ಕೈಚಾಚಿ ಅದನ್ನು ತೆಗೆದುಕೊಂಡೆ. ಮಂದಿ ನಕ್ಕರು.

ನಗದೇ ಇದ್ದವರು ಒಬ್ಬರೇ, ನಿಂಗಮ್ಮನ ಅಜ್ಜಿ ದ್ಯಾವಮ್ಮ. ಮನೆಗೆ ಹಿರಿಯಳು, ಅವಳ ಮಾತು ದಾಟಿ ಕಕ್ಕೇರಿಯಿಂದ ಬಂದವರಲ್ಲಿ ಯಾರೂ ಉಸಿರೆತ್ತುವಂತಿರಲಿಲ್ಲ. ಮುಂದೆ ಬಂದು ಕಟಾರಿಯ ತುದಿಯನ್ನು ಬೆರಳಿಂದ ಮುಟ್ಟಿ ನೋಡಿದಳು.

"ಯಾರ ಮುರದವರು ಇದನ್ನ?"

"ನಾನ ಮುರಿಸೇನ್ರಿ ಯವ್ವಾ. ಡಂಗುರ ಹೊಡದಿದ್ರಲ್ಲರಿ..." ಎಂದ ಕಾಕಾ.

"ಹಂದರದಾಗ ಮೊನಿ ಮುರದ ಕಟಾರಿ ಹಿಡಕೊಂಡ ನಿಂತಾನ. ಇವಗ ನಾ ಹುಡುಗಿ ಕೊಡ್ಲೇನು?" ಎಂದವಳೇ ಅಂತರಪಟ ಹಿಡಿದವರಿಗೆ ಕೈ ಮಾಡಿದಳು. "ಸಾಕ, ಈ ಮದಿವಿ ಬ್ಯಾಡ. ಇಳಸ್ರಿ ಅದನ್ನ." ಹಿಡಿದವರು ಇಳಿಸದೆ ಕಾಕಾನ ಮುಖ ನೋಡಿದರು.

ನಗೆ ನಿಂತಿತು. ಹಂದರದಿಂದ ನಾಲ್ಕು ದಿಕ್ಕಿಗೆ ಮಂದಿ ಓಡಿದರು, ಮೊನೆಯಿದ್ದ ಅಲಗು ಹುಡುಕಲು. ಎಲ್ಲಿಂದ ಬರಬೇಕು? ಒಬ್ಬ ಕುಡುಗೋಲು ತಂದ. ಒಬ್ಬ ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದ. ಇನ್ನೊಬ್ಬ ಪುಣ್ಯಾತ್ಮ ಗೋಣಿಚೀಲ ಹೊಲಿಯುವ ದಬ್ಬಳ ಹಿಡಿದು, "ಇದಕ್ಕ ಹಣ್ಣ ಏರತದ ನೋಡ್ರಿ" ಎಂದು ಓಡಿ ಬಂದ.

"ಮದಿಮಗನ ಕೈಯಾಗ ದಬ್ಬಳ ಕೊಡ್ತೀರಿ? ಚೀಲ ಹೊಲಿಲಿಕ್ಕ ಬಂದಾನೇನವ?" ಎಂದಳು ದ್ಯಾವಮ್ಮ.

ಈಗ ಹೇಳುವಾಗ ನಗು ಬರುತ್ತದೆ. ಆಗ ನನ್ನ ಎದೆ ಹೇಗೆ ಹೊಡೆದುಕೊಳ್ಳುತ್ತಿತ್ತೆಂದರೆ ಬಾಸಿಂಗದ ಮುತ್ತೆಲ್ಲ ಅಲುಗುತ್ತಿದ್ದವು. ಗಲಾಟೆಯಲ್ಲಿ ಕಳೆದುಹೋಗದೆ ತಿರುಗಿ ಬಂದ ಹುಡುಗಿ, ಒಂದು ಬಟ್ಟೆಯ ಆಚೆ ನಿಂತವಳು, ಒಂದು ಜೋಳದ ಕಾಳಿನಷ್ಟು ಕಬ್ಬಿಣ ಇಲ್ಲದ್ದಕ್ಕೆ ಕೈತಪ್ಪಿ ಹೋಗುತ್ತಾಳಲ್ಲ ಎಂದು ಆ ಹಣ್ಣನ್ನೇ ಇನ್ನೊಮ್ಮೆ ಶಲ್ಯದಿಂದ ಒರೆಸಿದೆ. ಅಯ್ಯನವರು ನೆರಳು ನೋಡಿ, "ಹೊತ್ತ ಮೀರಾಕತ್ತದ" ಎಂದರು. ಮಂದಿಯ ಕೈಯಲ್ಲಿನ ಅಕ್ಕಿಕಾಳು ಬೆವರಿಗೆ ಅಂಗೈಗೆ ಅಂಟಿಕೊಂಡಿತ್ತು.

ದ್ಯಾವಮ್ಮ ಹಟಕ್ಕಾಗಿ ಮಾತಾಡಿದ್ದಲ್ಲ. ಅದು ಅವಳ ಮುಂದಿನ ಮಾತಿನಿಂದ ಎಲ್ಲರಿಗೂ ತಿಳಿಯಿತು.

"ನಾವು ಅಲಗ ತಲಿದಿಂಬಿನ ಬುಡಕ ಇಟ್ಕೊಂಡ ಮಕ್ಕಳ ಕಾಯ್ದೇವಿ. ಈಕಿನ್ನ ಸೆರಗಿನಾಗ ಕಟ್ಕೊಂಡ ಗಡಿ ದಾಟಿಸೇನಿ. ನೀವು ನಿಮ್ಮ ಕೈಲೇ ಮೊನಿ ಮುರಕೊಂಡ ಕುಂತೀರಿ. ನಾಳಿಗಿ ಮತ್ತ ಅಂಥಾ ದಿನ ಬಂದ್ರ ನನ್ನ ಮೊಮ್ಮಗಳ್ನ ಯಾವ ಮೊನೀಲೆ ಕಾಯ್ತೀರಿ, ಹೇಳ್ರಿ."

ಕಾಕಾ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದ. ಅವನ ಬೋಳು ತಲೆಯನ್ನು ಪರರ ಮುಂದೆ ನಾನು ಕಂಡದ್ದು ಅದೇ ಮೊದಲು.

"ಯವ್ವಾ, ಖರೇ ಹೇಳ್ತೀನಿ ಕೇಳ್ರಿ. ಮೊನಿ ಇದ್ದಾಗ ದಿನಾ ಅದನ್ನ ಮುಟ್ಟಿ ನೋಡಿ ಮಲಗತಿದ್ದೆ. ನಿದ್ದಿ ಹತ್ತತಿದ್ದಿಲ್ಲ. ನಾಯಿ ಬೊಗಳಿದ್ರ ಎದ್ದ ಕುಂಡರತಿದ್ದೆ. ಮುರಿಸಿಕೊಂಡ ಬಂದ ದಿನ ಕಣ್ಣತುಂಬ ಮಲಗೇನ್ರಿ. ಇನ್ನ ಅಂಥಾ ದಿನ ಬರಂಗಿಲ್ಲ ಅಂತ ನಂಬಿ ಮುರಿಸೇನಿ." ರುಮಾಲನ್ನು ಕೈಯಲ್ಲಿ ಮುದುಡಿ, "ಅಂಜಿನೂ ಮುರಿಸೇನ್ರಿ. ಎರಡೂ ಖರೇನ" ಎಂದ.

ದ್ಯಾವಮ್ಮ ಅವನ ಬೋಳು ತಲೆಯನ್ನೂ ಕೈಯಲ್ಲಿನ ರುಮಾಲನ್ನೂ ನೋಡಿದಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. "ಹಂಗ ನಿದ್ದಿ ಮಾಡಿ ನನಗ ಎಷ್ಟ ದಿನ ಆತೋ, ತಮ್ಮಾ" ಎಂದಳು. ಆಮೇಲೆ ಹಂದರದ ಮೂಲೆಯಲ್ಲಿ ಸುರಗಿಯ ಶಾಸ್ತ್ರಕ್ಕೆ, ಮದುಮಗನಿಗೆ ನೀರೆರೆಯಲು ನಾಲ್ಕು ಕಡೆ ಇಟ್ಟ ತಂಬಿಗೆಗಳಿಗೆ ಸುತ್ತಿ ಮಿಕ್ಕಿದ್ದ ಅರಿಶಿನದ ನೂಲಿನ ಉಂಡೆಯನ್ನು ಎತ್ತಿಕೊಂಡು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಕಟಾರಿ ಕೆಳಗ ಹಿಡಿಯಪ್ಪಾ."

ಹಿಡಿದೆ. ಮುರಿದ ತುದಿ ಚಪ್ಪಟೆಯಾಗಿತ್ತಲ್ಲ, ಅದರ ಮೇಲೆ ಲಿಂಬೆಹಣ್ಣನ್ನು ಕೂರಿಸಿ ಹೆಬ್ಬೆರಳಿಂದ ಒತ್ತಿ ಹಿಡಿದಳು. ನೂಲನ್ನು ಹಿಡಿಯ ಹತ್ತಿರದ ಕಚ್ಚಿಗೆ ಬಿಗಿದು, ಗಾಡಿಯೊಳಗೆ ಹಾಯಿಸಿ, ಹಣ್ಣಿನ ನೆತ್ತಿ ದಾಟಿಸಿ, ಆ ಮಗ್ಗುಲ ಗಾಡಿಯೊಳಗಿಂದ ಇಳಿಸಿ ಇನ್ನೊಂದು ಕಚ್ಚಿಗೆ ಸುತ್ತಿದಳು. ಮತ್ತೆ ಮೇಲೆ, ಮತ್ತೆ ಕೆಳಗೆ. ನೂಲು ಅತ್ತಿತ್ತ ಜಾರಲಿಲ್ಲ. ಗಾಡಿ ಅದಕ್ಕಾಗಿಯೇ ತೋಡಿದ ಹಾಗಿತ್ತು. ಕಡೆಗೆ ಗಂಟು ಹಾಕಿ, ಹಲ್ಲಿನಿಂದ ನೂಲು ಕಡಿದು, ಕಟಾರಿಯನ್ನು ಜಾಡಿಸಿ ನೋಡಿದಳು. ಹಣ್ಣು ಕದಲಲಿಲ್ಲ.

"ಚುಚ್ಚಿದ್ದ ಹಣ್ಣ ಸಂಜಿಗಿ ಕೊಳೀತದ. ಕಟ್ಟಿದ್ದ ಇರತದ" ಎಂದು ಎದ್ದಳು. "ಅಯ್ಯನೋರ, ನಡಸ್ರಿ."

ಅಕ್ಕಿಕಾಳು ಬಿತ್ತು. ಬೆವರಿಗೆ ಉಂಡೆಗಟ್ಟಿದ್ದರಿಂದ ಕಲ್ಲು ಬಿದ್ದಂತೆ ಬಿತ್ತು. ಕಾಕಾ ರುಮಾಲಿನಿಂದ ಕಣ್ಣು ಒರೆಸಿಕೊಂಡು, ಹೊಟ್ಟು ಬಿತ್ತು ಎಂದ.

ಅಲ್ಲಿಂದ ಮುಂದಿನದು ಇನ್ನೂ ತಮಾಷೆ. ನಮ್ಮ ಮದುವೆಯಾದ ಮೇಲೆ ಓಣಿಯ ಮಿಕ್ಕ ಮದುವೆಗಳೂ ಅದೇ ಕಟಾರಿಯಿಂದ, ಅದೇ ನೂಲಿನ ಕಟ್ಟಿನಿಂದ ನಡೆದವು. ಹತಿಯಾರದ ಅಂಜಿಕೆ ಹೋಯಿತು, ಅಂಗಡಿಯಲ್ಲಿ ಮೊನೆಯುಳ್ಳ ಹೊಸ ಕಟಾರಿಗಳು ಬಂದವು. ಅವುಗಳಿಗೂ ಹಣ್ಣು ಚುಚ್ಚಿದ ಮೇಲೆ ಅರಿಶಿನದ ನೂಲು ಸುತ್ತತೊಡಗಿದರು. ಈಚೆಗೆ ಒಂದು ಮದುವೆಯಲ್ಲಿ ಕಡೇಚೂರಿನ ಕಡೆಯ ಹುಡುಗನೊಬ್ಬ ನನ್ನ ಪಕ್ಕ ಕೂತು, ಆ ನೂಲು ಪೂರ್ವಕಾಲದ್ದೆಂದೂ, ಒಂದು ಎಳೆ ಗಂಡ, ಒಂದು ಎಳೆ ಹೆಂಡತಿ, ನಡುವಿನ ಹಣ್ಣು ಸಂಸಾರವೆಂದೂ ನನಗೆ ತಿಳಿಸಿ ಹೇಳಿದ. "ಹೌದೇನಪ್ಪಾ" ಎಂದು ಕೇಳಿಕೊಂಡೆ. ಹೇಳುವಾಗ ಅವನ ಮುಖ ಅಷ್ಟು ಬೆಳಗುತ್ತಿತ್ತು, ಸಾಬಣ್ಣ ಕಾಕಾನ ಸುದ್ದಿ ಹೇಳಿ ಅದನ್ನು ಆರಿಸಲು ಮನಸ್ಸಾಗಲಿಲ್ಲ. ಎಷ್ಟು ಪೂರ್ವಕಾಲದ ಪದ್ಧತಿಗಳು ಹೀಗೆ ಯಾವನೋ ಕಾಕಾನ ಅ‍ಂಜಿಕೆಯಿಂದ ಹುಟ್ಟಿವೆಯೋ, ಬಲ್ಲವರಾರು?

ಹಳೆಯ ಕಟಾರಿ ಕಡೆಗೆ ನಮ್ಮ ಅಡುಗೆ ಮನೆ ಸೇರಿತು. ಮೊನೆ ಇಲ್ಲದ್ದು, ಗಟ್ಟಿ ಬೆನ್ನಿನದು; ಬೆಲ್ಲ ಒಡೆಯಲು ಅದರಂಥದ್ದು ಇನ್ನೊಂದಿಲ್ಲ. ನಿಂಗಮ್ಮ ಬದುಕಿರುವವರೆಗೆ ಪ್ರತಿ ಹಬ್ಬಕ್ಕೂ ಅದರಿಂದಲೇ ಬೆಲ್ಲ ಒಡೆದಳು. ಅವಳು ಹೋದ ಮೇಲೆ ಅದನ್ನು ಸೊಸೆಗೆ ಕೊಡಲು ಮನಸ್ಸಾಗದೆ ನನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೇನೆ. ಅವಳಿಲ್ಲದ ಮನೆಯಲ್ಲಿ ನಾನು ತೂತಿನ ಚಾಕು, ಗಾಡಿಯ ಕತ್ತಿ ಎಂದು ಇಲ್ಲದ ಉಸಾಬರಿ ಮಾಡುವುದೆಲ್ಲ ಯಾಕೆಂದು ನಿಮಗೆ ಹೇಳಬೇಕಿಲ್ಲ. ಹೊತ್ತು ಹೋಗುವುದಿಲ್ಲ, ಅದಕ್ಕೆ.

ಒಮ್ಮೆ, ಮಗಳ ಮದುವೆಯ ಮುಂಚಿನ ವಾರ, ನಿಂಗಮ್ಮ ಹೋಳಿಗೆಗೆ ಬೆಲ್ಲ ಒಡೆಯುತ್ತ ಕೂತಿದ್ದಳು. ನಾನು ಹೊಸ್ತಿಲ ಮೇಲೆ ಕೂತು ಇಂಜಿನಿಯರು ಹೇಳಿದ ತೊಲೆಯ ಶಾಸ್ತ್ರವನ್ನು ಎಷ್ಟನೆಯ ಸಲವೋ ಅವಳಿಗೆ ಒಪ್ಪಿಸುತ್ತಿದ್ದೆ. ಮಾತಿನ ನಡುವೆ ಸುಮ್ಮನೆ ಕೇಳಿದೆ: ಆ ದಿನ ನಿಮ್ಮಜ್ಜಿ ನಿನ್ನನ್ನು ಕರೆದುಕೊಂಡು ಹೋಗಿಯೇಬಿಟ್ಟಿದ್ದರೆ?

"ನಾ ಹೋಗತಿದ್ದಿಲ್ಲ" ಎಂದಳು.

"ಅಜ್ಜಿ ಮಾತ ಮೀರತಿದ್ದೆ? ನನ್ನ ಮಾರಿನೂ ನೋಡಿದ್ದಿಲ್ಲ ನೀ."

"ಮಾರಿ ಯಾರಿಗಿ ಬೇಕಾಗಿತ್ರಿ? ನೀವೆಲ್ಲಾ ಕಟಾರಿ ಮೊನಿ ನೋಡಾಕತ್ತಿದ್ರಿ. ಅಂತರಪಟದ ಬುಡಕ ನನಗ ನಿಮ್ಮ ಕೈಯಷ್ಟ ಕಾಣತಿತ್ತು. ನಾ ಅದನ್ನ ನೋಡಾಕತ್ತಿದ್ದೆ." ಬೆಲ್ಲದ ಮೇಲೆ ಕಟಾರಿಯ ಬೆನ್ನಿನಿಂದ ಒಂದು ಏಟು ಹಾಕಿ ಹೇಳಿದಳು: "ನಮ್ಮಪ್ಪ ನಮ್ಮವ್ವನ್ನ ಬಡಿತಿದ್ದ. ನಿಮಗ ಯಾವತ್ತೂ ಹೇಳಿಲ್ಲ. ಅಜ್ಜಿಗಿ ಹೊರಗಿನವರ ಅಂಜಿಕಿ, ನನಗ ಮನಿಯೊಳಗಿನ ಅಂಜಿಕಿ. ಹಂದರದಾಗ ನಿಂತಾಗ ಅದೊಂದ ಚಿಂತಿ, ಈ ಕೈ ಎಂಥಾದ್ದೋ ಏನೋ ಅಂತ. ನೀವು ನೋಡಿದ್ರ, ಮಂದಿ ನಗಾಕತ್ಯಾರ, ಕಾಕಾ ಬೈಯಾಕತ್ಯಾರ, ಆ ಹಣ್ಣ ಬಿದ್ದಾಗೊಮ್ಮೆ ಎತ್ತಿ ಒರಸಾಕತ್ತಿದ್ರಿ. ಒಂದ ಸಲನೂ ಸಿಟ್ಟಿಲೆ ಒತ್ತಲಿಲ್ಲ. ನನ್ನ ಕಾಲಿನ ಬಲ್ಲಿಂದ ತಗೊಂಡಾಗ ನನಗ ತಾಕದಂಗ ತಗೊಂಡ್ರಿ. ಆವಾಗ ತಿಳೀತು, ಈ ಕೈ ನನ್ನ ಮ್ಯಾಲ ಏಳಂಗಿಲ್ಲ ಅಂತ."

ನಾನು ಹೊಸ್ತಿಲ ಮೇಲಿಂದ ಅವಳ ಮುಖವನ್ನೇ ನೋಡಿದೆ. ಅಷ್ಟು ವರ್ಷ ಜೊತೆಗಿದ್ದು, ಅವಳು ಅಂಥ ಅಂಜಿಕೆಯನ್ನು ಹೊತ್ತು ನನ್ನ ಮನೆಯ ಹೊಸ್ತಿಲು ದಾಟಿದ್ದು ನನಗೆ ಗೊತ್ತೇ ಇರಲಿಲ್ಲ.

"ಏನ್ ನೋಡ್ತೀರಿ ಹಂಗ?" ಎಂದಳು ನಿಂಗಮ್ಮ. "ಆ ಕೈ ಇತ್ತಾಗ ತರ್ರಿ, ಬೆಲ್ಲದ ಡಬ್ಬಿ ಹಿಡೀರಿ."